ಬೆಲ್ಲ ಒಡೆಯುತ್ತೆ, ಕೈ ಒಡೆಯಲ್ಲ

ಕಳೆದ ತಿಂಗಳು ನಮ್ಮ ಮೇಡಂ ನಿವೃತ್ತರಾದರು. ಕಂಪನಿಯ ಅಂಗಳದಲ್ಲೇ ಶಾಮಿಯಾನ ಹಾಕಿಸಿದ್ದೆವು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಎರಡು ಮಾತಾಡಿ ಮೇಡಂ" ಅಂತ ಮೈಕು ಕೈಗಿತ್ತರೆ ಅವರು ಅದನ್ನು ಕಿವಿಯ ಹತ್ತಿರ ಹಿಡಿದುಕೊಂಡು, "ಗುಂಯ್ ಅಂತಾ ಇದೆಯಲ್ರೀ, ಇದಕ್ಕೆ ಅರ್ಥಿಂಗ್ ಯಾರು ಕೊಟ್ಟಿದ್ದು?" ಅಂದರು. ಆಮೇಲೆ ಶಾಲು ಹೊದ್ದುಕೊಂಡೇ ಹೋಗಿ ಆಂಪ್ಲಿಫೈಯರಿನ ಹಿಂದೆ ಕುಕ್ಕರುಗಾಲಲ್ಲಿ ಕೂತರು. ಸರಿಹೋದ ಮೇಲೆ ಎದ್ದು ಬಂದು, "ಈಗ ಕೇಳಿ, ಎಷ್ಟು ಚೆನ್ನಾಗಿದೆ!" ಅಂದರು. ಅವರ ಭಾಷಣ ಅಷ್ಟೇ.

ನನ್ನನ್ನೂ ಮಾತಾಡಲು ಕರೆದರು. ನಾನು ಏನೋ ತೊದಲಿ, ನಮಸ್ಕಾರ ಮಾಡಿ ಕೂತುಬಿಟ್ಟೆ. ಅವತ್ತು ಹೇಳಬೇಕು ಅಂದುಕೊಂಡು ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಅಡ್ಡರಸ್ತೆಯಲ್ಲಿರುವ ಸಣ್ಣ ಕಂಪನಿ. ಮೋಟಾರುಗಳನ್ನು ಚಾಲೂ ಮಾಡುವ, ನಿಲ್ಲಿಸುವ, ಸುಟ್ಟುಹೋಗದ ಹಾಗೆ ಕಾಯುವ ಪ್ಯಾನೆಲ್‌ಗಳನ್ನು ಮಾಡುತ್ತೇವೆ. ಮೇಲಿನ ಮಹಡಿಯಲ್ಲಿ ಮೇಡಂ ಹೊಸ ಸರ್ಕ್ಯೂಟುಗಳನ್ನು ಕಟ್ಟುವರು. ಕೆಳಗೆ ನಾನು ಅವನ್ನು ಪರೀಕ್ಷೆ ಮಾಡುವವನು. "ಸುಟ್ಟಿತಾ?" ಅಂತ ಮೇಲಿಂದ ಕೂಗುವರು. "ಸುಟ್ಟಿತು ಮೇಡಂ" ಅಂತ ನಾನು ಕೂಗಿದರೆ ಸಾಕು, "ಎಲ್ಲಿ? ಎಲ್ಲಿ? ಮುಟ್ಟಬೇಡಿ, ಬಂದೆ!" ಅನ್ನುತ್ತಾ ಧಡಧಡ ಇಳಿದು ಬರುವರು. ಕೆಲಸ ಕೆಟ್ಟಾಗ ಮುಖ ಅಷ್ಟು ಅರಳುವವರನ್ನು ನಾನು ಬೇರೆ ಕಂಡಿಲ್ಲ. ಸುಟ್ಟ ಬೋರ್ಡನ್ನು ಮೂಗಿನ ಹತ್ತಿರ ಹಿಡಿದು ಮೂಸುವರು. "ರೆಸಿಸ್ಟರ್ ಅಲ್ಲ, ಇದು ವಾರ್ನಿಷ್ ವಾಸನೆ. ಬನ್ನಿ ಬನ್ನಿ!" ಬಿರಿಯಾನಿ ಪಾತ್ರೆಯ ಮುಚ್ಚಳ ತೆಗೆದವರ ಹಾಗೆ ಕರೆಯುವರು.

ಹತ್ತಿಯ ಸೀರೆ, ಕಾಲಿಗೆ ಕ್ಯಾನ್‌ವಾಸ್ ಶೂ, ತುರುಬಿನಲ್ಲಿ ಒಂದು ಟೆಸ್ಟರ್. ಆ ಟೆಸ್ಟರನ್ನು ಮರೆತು ಹಾಗೇ ಒಂದು ಗೃಹಪ್ರವೇಶಕ್ಕೆ ಹೋಗಿ, ಯಾರೋ "ಇದೇನು ಹೊಸ ಫ್ಯಾಷನ್ನಾ?" ಅಂತ ಕೇಳಿದಾಗ, "ಒಳ್ಳೇದಾಯ್ತು ನೆನಪು ಮಾಡಿದ್ದು" ಅಂತ ಅದನ್ನು ತೆಗೆದು ಅವರ ಮನೆಯ ಪ್ಲಗ್‌ಗಳನ್ನೆಲ್ಲ ನೋಡಿ ಬಂದವರು. ಮಾಲೀಕರಿಂದ ಹಿಡಿದು ಟೀ ತರುವವರ ತನಕ ಎಲ್ಲರಿಗೂ "ರೀ" ಅಂತಲೇ ಮಾತು. ಏಕವಚನ ಮೋಟಾರುಗಳಿಗೆ ಮಾತ್ರ. ಅಂಗೈ ಹಿಂಬದಿಯಿಂದ ಅದರ ಮೈ ಮುಟ್ಟಿ, "ಏನೋ, ಯಾಕೋ ಬಿಸಿಯಾಗಿದೀಯ? ಯಾರೋ ನಿನ್ನ ಹಿಡ್ಕೊಂಡಿರೋದು?" ಅಂತ ಮಾತಾಡಿಸುವರು.

ಒಮ್ಮೆ ಇಬ್ಬರೂ ಮೆಟ್ರೋದಲ್ಲಿ ಅತ್ತಿಗುಪ್ಪೆಯಲ್ಲಿ ಇಳಿದೆವು. ಅಲ್ಲೇ ಹತ್ತಿರದ ಒಂದು ಮಿಲ್ಲಿಗೆ ಹೋಗಬೇಕಿತ್ತು. ಕೆಳಗೆ ಬಂದ ಮೇಲೆ, ಮೇಲಕ್ಕೆ ಹೋಗುವ ಎಸ್ಕಲೇಟರಿನ ಬುಡದಲ್ಲಿ ಮೇಡಂ ನನ್ನ ತೋಳು ಹಿಡಿದು ನಿಲ್ಲಿಸಿದರು. "ನೋಡಿ, ಯಾರೂ ಇಲ್ಲದಾಗ ಹೇಗೆ ತೆವಳ್ತಾ ಇದೆ. ಈಗ ನೀವು ಕಾಲಿಡಿ." ನಾನು ಕಾಲಿಟ್ಟೆ, ಅದು ಮೆಲ್ಲಗೆ ವೇಗ ಹಿಡಿಯಿತು. "ಜರ್ಕ್ ಇತ್ತಾ?" "ಇಲ್ಲ ಮೇಡಂ." "ಅಲ್ವಾ! ಎಷ್ಟು ಮರ್ಯಾದೆಯಿಂದ ಕರ್ಕೊಂಡು ಹೋಗತ್ತೆ ಅಲ್ವಾ!" ಅಂತ ಚಪ್ಪಾಳೆ ತಟ್ಟಿದರು. ಮತ್ತೆ ಕೆಳಗಿಳಿಸಿದರು, ಮತ್ತೆ ಹತ್ತಿಸಿದರು. ಸೆಕ್ಯುರಿಟಿಯವರು ಬಂದು, "ಅಮ್ಮ, ಯಾವ ಕಡೆ ಹೋಗ್ಬೇಕು? ದಾರಿ ತಪ್ಪಿತಾ?" ಅಂತ ಕೇಳಿದರು.

ಅವರ ಯಜಮಾನರು ಬ್ಯಾಂಕಿನಲ್ಲಿದ್ದವರು, ಮೆತ್ತಗೆ ಮಾತಾಡುವವರು. ಬಸವೇಶ್ವರನಗರದ ಅವರ ಮನೆಗೆ ನಾನು ಮೊದಲ ಸಲ ಹೋದಾಗ, "ಕಾಫಿ ಮಾಡ್ತೀನಿ, ಆದ್ರೆ ಚಟ್ನಿ ಕೇಳ್ಬೇಡಿ. ನಮ್ಮನೇಲಿ ಮಿಕ್ಸಿಗಳು ಬೇಕಾದಷ್ಟಿವೆ, ಯಾವುದಕ್ಕೂ ಹೊಟ್ಟೆ ಇಲ್ಲ" ಅಂದರು. ಒಳಗೆ ನೋಡಿದರೆ ನಿಜ, ಮಿಕ್ಸಿಗಳ ಮೋಟಾರುಗಳೆಲ್ಲ ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು.

ಆದರೆ ಮೇಡಂ ಅಂದರೆ ನನಗೆ ಮೊದಲು ನೆನಪಾಗುವುದು ಹೋಳಿಗೆ ಅಂಗಡಿಯ ಕತೆ.

ಮಾರೇನಹಳ್ಳಿಯಲ್ಲಿ ಹೆಂಗಸರೇ ನಡೆಸುವ ಒಂದು ಹೋಳಿಗೆ ಅಂಗಡಿ ಇದೆ. ಕಾಯಿ ಹೋಳಿಗೆ ಅಂದರೆ ಮೇಡಂಗೆ ಪ್ರಾಣ, ಶನಿವಾರದ ಸಂಜೆ ಅಲ್ಲಿಗೆ ಹೋಗದೆ ಇರುತ್ತಿರಲಿಲ್ಲ. ಒಂದು ಶನಿವಾರ ಹೋದಾಗ, ಯಾವಾಗಲೂ ಹೂರಣ ರುಬ್ಬುವ ಯಂತ್ರದ ಹತ್ತಿರ ಇರುತ್ತಿದ್ದ ಜಯಮ್ಮ ಮುಂದೆ ಕೂತು ಎಡಗೈಯಲ್ಲಿ ಪೊಟ್ಟಣ ಕಟ್ಟುತ್ತಿದ್ದರಂತೆ. ಬಲಗೈಗೆ ದಪ್ಪ ಬ್ಯಾಂಡೇಜು. ಆ ಯಂತ್ರದ ಮೇಲೊಂದು ಅಗಲವಾದ ಬಾಯಿ, ಕೆಳಗೆ ಒಂದಕ್ಕೊಂದು ಅಂಟಿಕೊಂಡು ತಿರುಗುವ ಉರುಳೆಗಳು. ಬೇಯಿಸಿದ ಬೇಳೆ, ಬೆಲ್ಲ ಸುರಿದು ಮರದ ಕೋಲಿನಿಂದ ಒಳಕ್ಕೆ ತಳ್ಳಬೇಕು. ಹಬ್ಬದ ಹಿಂದಿನ ದಿನ, ಗಿರಾಕಿಗಳು ಬೀದಿ ತನಕ ನಿಂತಿದ್ದಾರೆ, ಕೋಲು ಎಲ್ಲೋ ಬಿದ್ದಿದೆ, ಜಯಮ್ಮ ಕೈಯಲ್ಲೇ ತಳ್ಳಿದ್ದಾರೆ. ಬೆರಳುಗಳು ಹೋದವು.

"ಕೂಗ್ದೆ ಮೇಡಂ" ಅಂದರಂತೆ ಜಯಮ್ಮ. "ಯಾರೋ ಓಡೋಗಿ ಆ ಗೋಡೆ ಹತ್ರ ಇರೋ ಸ್ವಿಚ್ಚು ಆರಿಸಿದ್ರು. ಆರಿಸಿದ್ ಮೇಲೂ ಅದು ತಿರುಗ್ತಾನೇ ಇತ್ತು."

ಸೋಮವಾರ ಮೇಡಂ ಕಂಪನಿಗೆ ಬಂದಾಗ ಆ ಕೊನೆಯ ಮಾತೇ ಅವರ ತಲೆಯೊಳಗೆ ತಿರುಗುತ್ತಿತ್ತು. ಬಂದವರೇ ನನ್ನ ಟೇಬಲ್ಲಿನ ಮೇಲೆ ಚೀಲ ಎಸೆದರು. "ತಾನು ಅರೀತಾ ಇರೋದು ಏನು ಅಂತ ಮೋಟಾರಿಗೆ ತಿಳೀಬೇಕು. ತಿಳಿದ ತಕ್ಷಣ ಅದು ನಿಲ್ಲಬೇಕು. ಅಷ್ಟು ಬಿಟ್ಟರೆ ಬೇರೇನಿಲ್ಲ ಕಣ್ರೀ!"

"ಬಾಯಿಗೆ ಒಂದು ಜಾಲರಿ ಹಾಕಿದ್ರೆ ಸಾಕಲ್ವಾ ಮೇಡಂ?" ಅಂದೆ.

"ಇತ್ತಂತೆ. ಹೂರಣ ಅಂಟ್ಕೊಳ್ಳತ್ತೆ ಅಂತ ಬಿಚ್ಚಿಟ್ಟಿದಾರೆ. ಬಿಚ್ಚೋಕೆ ಆಗೋದನ್ನ ಜನ ಬಿಚ್ಚೇ ಬಿಚ್ತಾರೆ. ಬುದ್ಧಿ ಕರೆಂಟಿನ ಒಳಗೇ ಇರ್ಬೇಕು."

ನಮ್ಮ ಮಾಲೀಕರು ಒಳ್ಳೆಯವರೇ. ಆದರೆ ಅವರಿಗೆ ಇದು ಹಿಡಿಸಲಿಲ್ಲ. "ಮೇಡಂ, ನಮ್ಮ ಗಿರಾಕಿಗಳು ಫ್ಯಾಕ್ಟರಿಗಳು, ಹೋಳಿಗೆ ಅಂಗಡಿಗಳಲ್ಲ" ಅಂದರು. "ಅದು ಮೋಟಾರಿಗೆ ಗೊತ್ತಿಲ್ಲ ಸಾರ್" ಅಂದರು ಮೇಡಂ. ಮಾಲೀಕರು ನಕ್ಕು, ಆಫೀಸಿನ ಕೆಲಸ ನಿಲ್ಲದ ಹಾಗೆ ಮಾಡಿಕೊಳ್ಳಿ ಅಂತ ಬಿಟ್ಟರು.

ಮೋಟಾರಿಗೆ ಭಾರ ಹೆಚ್ಚಾದರೆ ಅದು ಹೆಚ್ಚು ಕರೆಂಟು ಎಳೆಯುತ್ತದೆ. ಒಂದು ಮಿತಿ ದಾಟಿದರೆ ಆರಿಸಿಬಿಡುವ ಡಬ್ಬಗಳನ್ನು ನಾವು ಮೊದಲಿಂದಲೂ ಮಾಡುತ್ತಿದ್ದೇವೆ. ಮೇಡಂ ಅಂಥದ್ದೇ ಒಂದನ್ನು ತೆಗೆದುಕೊಂಡು, ಮಿತಿಯನ್ನು ಬಹಳ ಕೆಳಗಿಳಿಸಿ, ಅಂಗಡಿಯ ಯಂತ್ರಕ್ಕೆ ಜೋಡಿಸಿದರು. ಬೇಳೆ ಸುರಿದರು, ನಿಂತಿತು. ಮತ್ತೆ ಹಾಕಿದರು, ಬೆಲ್ಲದ ಗಟ್ಟಿ ಸಿಕ್ಕಿತು, ನಿಂತಿತು. ಬೆಳಿಗ್ಗೆಯೆಲ್ಲಾ ಇದೇ ಆಯಿತು. ಅಂಗಡಿಯ ಯಜಮಾನಿ ಸೊಂಟದ ಮೇಲೆ ಕೈಯಿಟ್ಟು ನೋಡಿ ನೋಡಿ, ಕೊನೆಗೆ, "ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಡಬ್ಬ ತಗೊಂಡು ಹೋಗ್ಬಿಡಿ. ನಂಗೆ ಮದುವೆ ಆರ್ಡರ್ ಇದೆ" ಅಂದರು.

ನನಗೆ ಅವಮಾನವಾಯಿತು. ಮೇಡಂ ನನ್ನ ಸ್ಕೂಟರಿನ ಹಿಂದೆ ಡಬ್ಬ ತಬ್ಬಿಕೊಂಡು ಕೂತು ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಕೂಗುತ್ತಿದ್ದರು. "ಎಷ್ಟು ಚೆನ್ನಾಗಿ ಫೇಲಾಯ್ತು ನೋಡಿದ್ರಾ! ಬೆರಳಿಗಿಂತ ಬೆಲ್ಲಕ್ಕೆ ಹೆಚ್ಚು ಕರೆಂಟು ಬೇಕು! ಎಷ್ಟು ಕರೆಂಟು ಅನ್ನೋದು ಪ್ರಶ್ನೆನೇ ಅಲ್ಲ ಕಣ್ರೀ! ಇಷ್ಟು ವರ್ಷ ತಪ್ಪು ಪ್ರಶ್ನೆ ಕೇಳ್ತಾ ಇದ್ವಿ!" ವಿಜಯನಗರದ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು, "ಸಾರ್, ಅಮ್ಮನಿಗೆ ಲಾಟರಿ ಹೊಡೀತಾ?" ಅಂತ ಕೇಳಿದರು.

ಮರುದಿನವೇ ಅಂಥದ್ದೇ ಒಂದು ಹಳೆಯ ಯಂತ್ರ ಹುಡುಕಿ ತರಿಸಿದರು. ಅದರ ವೈರಿನ ಸುತ್ತ ಕರೆಂಟನ್ನು ಅಳೆಯುವ ಒಂದು ಬಳೆ ಹಾಕಿದರು. ಆ ಕರೆಂಟು ಏರುವುದನ್ನೂ ಇಳಿಯುವುದನ್ನೂ ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣವನ್ನು ನಾವು ಸ್ಕೋಪ್ ಅನ್ನುತ್ತೇವೆ. ಅದನ್ನು ಮಗ್ಗುಲಲ್ಲಿಟ್ಟುಕೊಂಡು ಯಂತ್ರಕ್ಕೆ ಸಿಕ್ಕಿದ್ದನ್ನೆಲ್ಲ ತಿನ್ನಿಸತೊಡಗಿದರು. ಬೇಳೆ, ಬೆಲ್ಲ, ಹಸಿ ತೆಂಗಿನ ಚೂರು, ಒದ್ದೆ ಬಟ್ಟೆ. ಬೆರಳಿನ ಬದಲಿಗೆ ಏನು? ಒಂದು ರಬ್ಬರ್ ಗ್ಲೌಸಿನೊಳಗೆ ಕ್ಯಾರೆಟ್ ತುಂಬಿ, ಸುತ್ತ ಮೈದಾ ಹಿಟ್ಟು ಮೆತ್ತಿ, ಕೈ ಮಾಡಿದರು. ಕ್ಯಾರೆಟ್ ಎಲುಬು, ಹಿಟ್ಟು ಮಾಂಸ. ಬೇಗ ಮುರಿಯುತ್ತೆ ಅಂತ ಅವರಿಗೆ ಕ್ಯಾರೆಟ್ ಸಾಲದಾಯಿತು, ನುಗ್ಗೆಕಾಯಿಯನ್ನೂ ಹಾಕಿ ನೋಡಿದರು. ತರಕಾರಿ ಅಂಗಡಿಯಲ್ಲಿ ತಮ್ಮ ಬೆರಳಿನ ಪಕ್ಕ ನುಗ್ಗೆಕಾಯಿ ಹಿಡಿದು ಅಳತೆ ನೋಡುತ್ತಿದ್ದರೆ ಅಂಗಡಿಯಾಕೆ, "ಸಾಂಬಾರಿಗೆ ಇಷ್ಟೊಂದು ಆರಿಸ್ತೀರಲ್ಲ ಆಂಟಿ!" ಅಂದಳು. "ಸಾಂಬಾರಿಗಲ್ಲಮ್ಮ, ಕೈಗೆ" ಅಂದರು ಮೇಡಂ. ಅವಳಿಗೆ ಏನು ತಿಳಿಯಿತೋ, ಮೇಲೆ ಒಂದು ಕಟ್ಟು ಕೊತ್ತಂಬರಿ ಇಟ್ಟು ಕಳಿಸಿದಳು.

ಗೆರೆಗಳು ಗುಡ್ಡೆ ಬಿದ್ದವು. ಎಲ್ಲವೂ ನನಗೆ ಒಂದೇ ಥರ ಕಾಣುತ್ತಿದ್ದವು. ಮೇಡಂ ಅವನ್ನು ಕಾಗದದಲ್ಲಿ ಮುದ್ರಿಸಿ, ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲಿನಲ್ಲಿ ನೋಡುತ್ತಾ ನಿಲ್ಲುವರು. ಟೀ ಆರುತ್ತಿತ್ತು, ಯಾರು ಕರೆದರೂ "ಹ್ಞೂಂ" ಅಷ್ಟೇ.

ಒಂದು ಬೆಳಿಗ್ಗೆ ಮೇಲಿಂದ ಏನೋ ಬಿದ್ದ ಸದ್ದಾಯಿತು. ಕುರ್ಚಿ ಇರಬೇಕು. ಹಿಂದೆಯೇ ಶೂ ಸದ್ದು. ಮೇಡಂ ಅರ್ಧ ಮೆಟ್ಟಿಲಿನಿಂದಲೇ ಹಾರಿ ಬಂದರು.

"ಸಿಕ್ತು! ಸಿಕ್ತು ಕಣ್ರೀ! ಬೆಲ್ಲ ಒಡೆಯುತ್ತೆ! ಕೈ ಒಡೆಯಲ್ಲ!"

ಯಾರಿಗೂ ಅರ್ಥವಾಗಲಿಲ್ಲ. ಎಲ್ಲರೂ ಕೆಲಸ ಬಿಟ್ಟು ಬಂದು ಸುತ್ತ ನಿಂತೆವು. ಮೇಡಂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದರು. "ನೋಡಿ, ಬೆಲ್ಲದ ಉಂಡೆ ಸಿಕ್ಕಾಗ ಕರೆಂಟು ಹೀಗೆ ಜಿಗಿಯತ್ತೆ. ಆಮೇಲೆ? ಉಂಡೆ ಒಡೀತು, ಕರೆಂಟು ದಬಕ್ಕಂತ ಬಿತ್ತು. ಇನ್ನೊಂದು ಚೂರು ಸಿಕ್ತು, ಮತ್ತೆ ಜಿಗೀತು, ಮತ್ತೆ ಬಿತ್ತು. ಈಗ ಕೈ ನೋಡಿ. ಮೆಲ್ಲಗೆ ಏರತ್ತೆ. ಆದ್ರೆ ಬೀಳೋದೇ ಇಲ್ಲ! ಎಳೀತಾ ಹೋಗತ್ತೆ, ಏರ್ತಾ ಹೋಗತ್ತೆ. ಬಟ್ಟೆನೂ ಹಾಗೇ. ಏರಿದ್ದು ಒಂಚೂರೂ ಬೀಳ್ಲಿಲ್ಲ ಅಂದ್ರೆ ಅದು ಮನುಷ್ಯರು!"

ಅಷ್ಟು ದಿನ ಆ ಗೆರೆಗಳನ್ನೇ ನಾನೂ ನೋಡುತ್ತಿದ್ದೆ. ಅದರೊಳಗೆ ಜಯಮ್ಮನ ಕೈ ಇದ್ದದ್ದು ಈಗ ನನಗೂ ಕಂಡಿತು. ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದೆವು. ಸದ್ದಿಗೆ ಮಾಲೀಕರು ಕನ್ನಡಕ ಹಣೆಗೇರಿಸಿಕೊಂಡು ಹೊರಗೆ ಬಂದು, ನೆಲದ ಮೇಲಿನ ಗೆರೆಗಳನ್ನು ಮೆಟ್ಟದ ಹಾಗೆ ದಾಟಿ ನಿಂತು, "ಇನ್ನೊಂದ್ ಸಲ ಹೇಳಿ ಮೇಡಂ" ಅಂದರು.

ತಿಳಿಯುವ ಕೆಲಸ ಮುಗಿಯಿತು, ನಿಲ್ಲಿಸುವುದು ಉಳಿಯಿತು. ಕರೆಂಟು ಕಿತ್ತರೂ ಉರುಳೆ ತನ್ನ ಓಟದಲ್ಲಿ ಸ್ವಲ್ಪ ತಿರುಗುತ್ತದೆ, ಜಯಮ್ಮ ಹೇಳಿದ್ದು ಅದನ್ನೇ. ಅದಕ್ಕೆ ಉಪಾಯ ನಮ್ಮ ಕಸುಬಿನಲ್ಲಿ ಮೊದಲಿಂದಲೂ ಇತ್ತು. ಓಡುತ್ತಿರುವ ಮೋಟಾರಿಗೆ, ಏರಿಳಿಯುವ ಕರೆಂಟು ತೆಗೆದು, ಬ್ಯಾಟರಿಯಲ್ಲಿ ಬರುವಂಥ ಒಂದೇ ದಿಕ್ಕಿನ ಕರೆಂಟು ಕೊಟ್ಟರೆ, ಯಾರೋ ಕೊರಳಪಟ್ಟಿ ಹಿಡಿದಂತೆ ಅದು ನಿಂತುಬಿಡುತ್ತದೆ. ಮೇಡಂ ಅದನ್ನೂ ಸೇರಿಸಿದರು. ನಿಂತ ಮೇಲೆ ಉರುಳೆ ಒಂದು ಕ್ಷಣ ಹಿಂದಕ್ಕೆ ತಿರುಗಿ, ಹಿಡಿದದ್ದನ್ನು ಬಿಟ್ಟುಕೊಡಬೇಕು ಅನ್ನುವುದು ಅವರದೇ ಸೇರ್ಪಡೆ. "ತಪ್ಪಾಯ್ತು ಅಂತ ಅನ್ನಬೇಕು ಅದು" ಅನ್ನುವರು.

ಮತ್ತೆ ಮಾರೇನಹಳ್ಳಿಗೆ ಹೋದೆವು. ಈ ಸಲ ಮಾಲೀಕರೂ ಬಂದರು. ಅಂಗಡಿಯ ಯಜಮಾನಿ, "ಇವತ್ತೊಂದಿನ ಮಾತ್ರ" ಅಂತ ಎಚ್ಚರಿಕೆ ಕೊಟ್ಟೇ ಒಳಗೆ ಬಿಟ್ಟರು. ಬೇಳೆ ಸುರಿದರು, ಓಡಿತು. ಬೆಲ್ಲ ಸುರಿದರು, ಗುರ್ ಗುರ್ ಅಂದು ಓಡಿತು. ಮೇಡಂ ಕ್ಯಾರೆಟ್ ತುಂಬಿದ ಗ್ಲೌಸಿನ ಕೈಯನ್ನು ತೆಗೆದು ಯಂತ್ರದ ಬಾಯಿಗಿಟ್ಟರು. ಉರುಳೆ ಬೆರಳ ತುದಿ ಹಿಡಿಯಿತು, ಹೆಂಗಸರು ಹೋ ಅಂದರು, ಅವರ ಬಾಯಿ ಮುಚ್ಚುವುದರೊಳಗೆ ಟಕ್ ಅಂತ ನಿಂತು, ಹಿಂದಕ್ಕೆ ಸರಿದು, ಗ್ಲೌಸನ್ನು ಬಿಟ್ಟಿತು. ಬಿಚ್ಚಿ ನೋಡಿದರೆ ಕ್ಯಾರೆಟ್ಟಿನ ಮೇಲೆ ಒಂದು ಒತ್ತು ಗುರುತು, ಅಷ್ಟೇ. ಮಾಲೀಕರು ಅದನ್ನು ಕೈಗೆ ತೆಗೆದುಕೊಂಡು ಹೊರಗಿನ ಬೆಳಕಿಗೆ ಹಿಡಿದು ನೋಡಿದರು.

ಮೇಡಂ ತಮ್ಮ ಕೈಬಳೆ ಹಿಂದಕ್ಕೆ ಸರಿಸಿ, "ಈಗ ನನ್ನ ಕೈ ಇಡ್ತೀನಿ" ಅಂದರು.

"ಬೇಡ ಮೇಡಂ!" ಅಂತ ನಾನು ಮುಂದೆ ಬಂದೆ. ನನಗಿಂತ ಮೊದಲು ಜಯಮ್ಮ ಅವರ ಮಣಿಕಟ್ಟು ಹಿಡಿದಿದ್ದರು. ಆ ಬಲಗೈಯಲ್ಲೇ, ಉಳಿದ ಬೆರಳುಗಳಿಂದಲೇ ಹಿಡಿದಿದ್ದರು. "ಏನ್ ತಲೆ ಕೆಟ್ಟೋಗಿದೆಯಾ ನಿಮಗೆ?" ಅಂತ ಸರಿಯಾಗಿ ಬೈದರು. "ನಿಂತೇ ನಿಲ್ಲತ್ತೆ ಅಂತ ನನಗೂ ಕಾಣಿಸ್ತು. ಅದಕ್ಕೆ ಕೈ ಬೇರೆ ಕೊಡ್ಬೇಕಾ? ಸರೀರಿ ಅತ್ಲಾಗೆ."

ಮೇಡಂ ಸರಿದರು. ಅವರನ್ನು ಯಾರಾದರೂ ಬೈದು ಸುಮ್ಮನಾಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಜಯಮ್ಮ ಯಂತ್ರದ ಮುಂದೆ ನಿಂತರು. ಬೆರಳು ಹೋದ ಮೇಲೆ ಆ ಒಳಮನೆಗೇ ಅವರು ಕಾಲಿಟ್ಟಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಬೇಳೆಯ ಪಾತ್ರೆ ಎತ್ತಿ ಸುರಿದರು, ಮರದ ಕೋಲು ತೆಗೆದುಕೊಂಡು ತಳ್ಳತೊಡಗಿದರು. ಹೂರಣ ನುಣ್ಣಗೆ ಇಳಿಯಿತು. "ಇವತ್ತೂ ಆರ್ಡರ್ ಇದೆಯಲ್ಲ, ಎಲ್ಲಿ, ಇನ್ನೊಂದು ಪಾತ್ರೆ ತನ್ನಿ" ಅಂತ ಹಿಂದೆ ತಿರುಗದೆಯೇ ಕೂಗಿದರು.

ಡಬ್ಬ ಅಂಗಡಿಯಲ್ಲೇ ಉಳಿಯಿತು. ಆಮೇಲೆ ಪೇಟೆಂಟಿಗೆ ಹಾಕಿದೆವು. ವಕೀಲರು ಬಂದು ಎಲ್ಲವನ್ನೂ ಕೇಳಿ ಬರೆದುಕೊಂಡು ಹೋಗಿ, ಉದ್ದುದ್ದ ವಾಕ್ಯಗಳ ಇಂಗ್ಲಿಷಿನಲ್ಲಿ ಕರಡು ಕಳಿಸಿದರು. ಮೇಡಂ ಓದಿದರು, ತಿರುವಿದರು, ಮತ್ತೆ ಓದಿದರು. "ಚೆನ್ನಾಗಿದೆ. ಆದ್ರೆ ಇದರಲ್ಲಿ ನನ್ನ ಕ್ಯಾರೆಟ್ಟೇ ಇಲ್ವಲ್ರೀ!" ಅಂತ ಬೇಜಾರು ಮಾಡಿಕೊಂಡರು.

ಅಂಗಡಿಯಿಂದ ಫೋನು ಬಂದದ್ದು ಮುಂದಿನ ಶ್ರಾವಣದಲ್ಲಿ, ಒಂದು ಮಧ್ಯಾಹ್ನ. ನಾವು ಊಟದ ಡಬ್ಬಿ ಬಿಚ್ಚಿದ್ದೆವಷ್ಟೇ. "ಸಾರ್, ಮೇಡಂನ ಬೇಗ ಕರ್ಕೊಂಡ್ ಬನ್ನಿ, ಸವಿತಾದು ಸೆರಗು ಮಿಷನ್ನಿಗೆ..." ಅಂದದ್ದು ಕೇಳಿಸಿತು, ಲೈನು ಕಡಿಯಿತು. ಸವಿತಾ ಅಂದರೆ ಅಲ್ಲಿ ಹೊಸದಾಗಿ ಸೇರಿದ್ದ ಹೆಣ್ಣುಮಗಳು. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ.

ಡಬ್ಬಿ ಹಾಗೇ ಬಿಟ್ಟು ಹೊರಟೆವು. ಸ್ಕೂಟರಿನ ಹಿಂದೆ ಮೇಡಂ ಇದ್ದಾರೋ ಇಲ್ಲವೋ ಅಂತ ನಾನು ತಿರುಗಿ ನೋಡಬೇಕಾಯಿತು. ವಿಜಯನಗರದ ಹತ್ತಿರ ಗಾಡಿಗಳು ಕಿಕ್ಕಿರಿದಿದ್ದವು. "ಏರಿದ್ದು ಬಿದ್ದಿರುತ್ತಾ?" ಅಂತ ಒಮ್ಮೆ ತಮಗೇ ಹೇಳಿಕೊಂಡರು. ಸೆರಗು ಮಡಿಕೆ ಮಡಿಕೆಯಾಗಿ ಹೋಗಿ, ಕರೆಂಟು ನಡುವೆ ಎಲ್ಲಾದರೂ ಇಳಿದು, ಡಬ್ಬ ಅದನ್ನು ಬೆಲ್ಲ ಅಂದುಕೊಂಡಿದ್ದರೆ? ನನಗೂ ಅದೇ ಭಯ.

ಅಂಗಡಿಯ ಮುಂದೆ ಜನ. ಒಳಗಿಂದ ಹೆಣ್ಣಿನ ಗಟ್ಟಿ ಅಳು. ಮೇಡಂ ಗಾಡಿ ನಿಲ್ಲುವ ಮೊದಲೇ ಇಳಿದು ಜನರನ್ನು ತಳ್ಳಿಕೊಂಡು ನುಗ್ಗಿದರು. ಒಳಗೆ ಯಂತ್ರ ನಿಂತಿತ್ತು. ಬೇಳೆಯ ಮೂಟೆಯ ಮೇಲೆ ಸವಿತಾ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಮೇಡಂ ಅವಳ ಮುಂದೆ ಮಂಡಿಯೂರಿ, ಕೈಗಳನ್ನು ಮುಖದಿಂದ ಬಿಡಿಸಿ, ಒಂದೊಂದೇ ಬೆರಳನ್ನು ಹಿಡಿದು ಮಡಿಚಿ ಬಿಡಿಸಿ ನೋಡಿದರು. ಕೊರಳು ನೋಡಿದರು, ಭುಜ ಮುಟ್ಟಿದರು.

"ಎಲ್ಲಮ್ಮಾ ನೋವು? ಎಲ್ಲಿ ಹೇಳಿ?"

ಸವಿತಾ ಬಿಕ್ಕುತ್ತಲೇ ತಲೆಯೆತ್ತಿದಳು. "ನೋವಾ? ನಂಗೇನಾಗಿದೆ? ಸೀರೆ ನೋಡಿ ಆಂಟಿ! ಇವತ್ತೇ ಮೊದಲು ಉಟ್ಟಿದ್ದು. ಸಂಜೆ ನಮ್ಮ ತಮ್ಮಂದು ನಿಶ್ಚಿತಾರ್ಥ!" ಅಂತ ಸೆರಗಿನ ತುದಿ ಎತ್ತಿ ತೋರಿಸಿದಳು. ಜರಿ ಕಿತ್ತು ಬಂದು, ಹೂರಣ ಮೆತ್ತಿಕೊಂಡಿತ್ತು. "ನಿಮ್ಮ ಡಬ್ಬ ಇನ್ನೊಂಚೂರು ಮುಂಚೆ ನಿಲ್ಬಾರ್ದಾಗಿತ್ತಾ?"

ಬಾಗಿಲ ಹತ್ತಿರ ನಿಂತಿದ್ದ ಜಯಮ್ಮ ಮೊದಲು ನಕ್ಕರು. ನಗು ತಡೆಯಲಾರದೆ ಗೋಡೆಗೆ ಒರಗಿದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮೇಡಂ ಮೂಟೆಯ ಮೇಲೆ ಸವಿತಾಳ ಪಕ್ಕದಲ್ಲಿ ಧೊಪ್ಪನೆ ಕೂತು ಅವಳನ್ನು ಎದೆಗೆ ಎಳೆದುಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ.

"ನಿಲ್ಲಿಸ್ತೀನಮ್ಮಾ, ನಿಲ್ಲಿಸ್ತೀನಿ! ಸೀರೆನೂ ಹರಿಯದ ಹಾಗೆ ನಿಲ್ಲಿಸ್ತೀನಿ!" ಅಂದವರು ಅವಳ ತಲೆಯ ಮೇಲಿಂದ ನನ್ನ ಕಡೆ ನೋಡಿ ಕೂಗಿದರು. "ರೀ, ಕೇಳಿದ್ರಾ? ಕಂಪ್ಲೇಂಟು ಬಂದಿದೆ! ಎಂಥಾ ಕಂಪ್ಲೇಂಟು ನೋಡ್ರೀ!"

ಸವಿತಾ ಮಾತ್ರ ಜರಿಯ ಅಂಚನ್ನು ಬೆರಳಿನಲ್ಲಿ ನೀವಿಕೊಳ್ಳುತ್ತಾ ಅಳುತ್ತಲೇ ಇದ್ದಳು.